ಬೆಂಕಿಕೆರೆಯ ಹುಳಿಯನ್ನ

ಮೊದಲ ಪುಟ, ಕೊನೆಗೆ ಬರೆದದ್ದು: ಆಗಸ್ಟ್ 3, ಭಾನುವಾರ, ರೇನರ್ಸ್ ಲೇನ್, ಲಂಡನ್

ಹೊಸ ಡೈರಿಯ ಮೊದಲ ಪುಟಕ್ಕೆ ಒಂದು ‘ಶ್ರೀ’ ಬರೆದು ಖಾಲಿ ಬಿಡುವುದು ನಮ್ಮಪ್ಪನ ಅಂಗಡಿಯ ಕ್ರಮ. ಖಾಲಿ ಜಾಗ ಕಂಡರೆ ನನಗೆ ತಡೆಯುವುದಿಲ್ಲ. ಆದ್ದರಿಂದ ಈ ಬೇಸಿಗೆಗೆ ತಗಲಿದ ಒಟ್ಟು ಖರ್ಚನ್ನು ಇಲ್ಲೇ ಬರೆದುಬಿಡುತ್ತೇನೆ.

ಹದಿನಾರು ಜನಕ್ಕೆ ಲಿಸ್ಬನ್ ಮಾರ್ಗವಾಗಿ, ನಡುಸಮುದ್ರದಲ್ಲಿರುವ ಅಜೋರ್ಸ್ ದ್ವೀಪಕ್ಕೆ ಹೋಗಿಬರುವ ಟಿಕೆಟ್ಟು. ಅಡುಗೆಮನೆ ಇರುವ ಎರಡು ಬಾಡಿಗೆ ಮನೆ, ಮೂರು ರಾತ್ರಿಗೆ. ಒಂದು ವ್ಯಾನು. ಬಿಸಿನೆಲದಲ್ಲಿ ಪಾತ್ರೆ ಹೂಳಲು ಗುಂಡಿಯ ಶುಲ್ಕ. ಬೆಂಕಿಗೆ ಬಾಡಿಗೆ ಕೊಟ್ಟದ್ದು ಬದುಕಿನಲ್ಲಿ ಇದೇ ಮೊದಲು. ಒಂದು ಸ್ಟೀಲ್ ಮುಚ್ಚಳ, ವಾಪಸು ಬರಲಿಲ್ಲ. ಎರಡು ವಾರದ ಮಾತು, ಆಡದೆ ಉಳಿಸಿದ್ದು. ಉಳಿಸಿದ್ದಕ್ಕೆ ಬಡ್ಡಿಯೇನೂ ಹುಟ್ಟಲಿಲ್ಲ. ಕಿಂಗ್ಸ್‌ಬರಿಯ ಟಿಫಿನ್ ಗಿರಾಕಿ ಒಬ್ಬರು. ಜೊತೆಗಾತಿ ಒಬ್ಬಳು.

ಕೊನೆಯದನ್ನು ಖರ್ಚು ಎಂದು ಬರೆಯಬೇಕೋ, ಬರಬೇಕಾದ ಬಾಕಿ ಎಂದೋ ತಿಳಿಯಲಿಲ್ಲ. ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಮೇ 4, ಭಾನುವಾರ

ವೈದೇಹಿ ಮದುವೆಯಾಗುತ್ತಾಳಂತೆ.

ಹೇಳಿದ್ದು ಗ್ರೈಂಡರ್ ತಿರುಗುತ್ತಿರುವಾಗ. ಹತ್ತೊಂಬತ್ತು ವರ್ಷ ನನ್ನ ಈ ಅಡುಗೆಮನೆಯಲ್ಲಿ ರುಬ್ಬಿದವಳಿಗೆ ಗೊತ್ತು, ಆ ಸದ್ದಿನ ಮರೆಯಲ್ಲಿ ನನ್ನ ಮುಖ ನೋಡದೆ ಏನು ಬೇಕಾದರೂ ಹೇಳಿ ಮುಗಿಸಬಹುದು ಎಂದು.

“ಸುಗಂಧಕ್ಕ, ಒಂದ್ ವಿಷ್ಯ ಇತ್ತ್.”

“ಉದ್ದಿನಬೇಳೆ ಮುಗೀತಾ?”

“ಅದಲ್ಲ ಮಾರಾಯ್ತಿ. ಉದಯಶಂಕರ್ ಅವ್ರ್ ಕೇಂಡ್ರ್. ನಾನ್ ಹೂಂ ಅಂದೆ.”

ಏನು ಕೇಳಿದರು ಎಂದು ನಾನು ಕೇಳುವ ಅಗತ್ಯ ಬೀಳಲಿಲ್ಲ. ಐವತ್ತಾರು ವರ್ಷದ ವಿಧವೆ, ಮದುವೆಗೆ ಬಂದ ಹುಡುಗಿಯ ಹಾಗೆ ಕಿವಿಯವರೆಗೆ ಕೆಂಪಾಗಿ ಗ್ರೈಂಡರಿನೊಳಗೆ ಮುಖ ಇಟ್ಟುಕೊಂಡಿದ್ದಳು.

ಉದಯಶಂಕರ್ ನಮ್ಮ ಮಂಗಳವಾರದ ಟಿಫಿನ್ ಗಿರಾಕಿ. ಮೈಸೂರಿನವರು. ಹೌನ್ಸ್ಲೋದಲ್ಲಿ ವಿಮಾನದ ಸರಕು ಕಳಿಸುವ ಆಫೀಸಿನಲ್ಲಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡು ಎಂಟು ವರ್ಷ. ಕಿಂಗ್ಸ್‌ಬರಿ ಕಡೆಯ ಡಬ್ಬಿಗಳನ್ನು ವೈದೇಹಿಗೆ ವಹಿಸಿದವಳು ನಾನೇ, ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬ್ ರೈಲು ಬದಲಿಸುವುದಕ್ಕೆ ನನ್ನ ಮಂಡಿ ಒಪ್ಪುವುದಿಲ್ಲವೆಂದು. ಮಂಡಿಯ ಉಳಿತಾಯ ಹೀಗೆ ಮುಳುವಾಯಿತು.

ಪಾತ್ರೆ ಖಾಲಿ ಹಿಂತಿರುಗಿಸಬಾರದು ಎನ್ನುವುದು ನಮ್ಮವರ ಪದ್ಧತಿ. ಲಂಡನ್ನಿಗೆ ಬಂದ ಮೇಲೆ ಎಲ್ಲರೂ ಮರೆತರು. ಡಬ್ಬಿಗಳು ಅನ್ನ ಅಂಟಿಕೊಂಡೇ ವಾಪಸಾಗುತ್ತವೆ. ಇವರ ಡಬ್ಬಿ ಮಾತ್ರ ತೊಳೆದು ಒರೆಸಿ, ಒಳಗೆ ಒಂದು ನಿಂಬೆಹಣ್ಣೋ, ಒಂದು ಹಿಡಿ ಪುದೀನವೋ, ಬೇಸಿಗೆಯಲ್ಲಿ ಕೌನ್ಸಿಲಿನಿಂದ ಪಡೆದ ತುಂಡು ತೋಟದಲ್ಲಿ ಅವರೇ ಬೆಳೆದ ಟೊಮೇಟೊವೋ ಇಟ್ಟುಕೊಂಡು ಬರುತ್ತಿತ್ತು. ಆ ಟೊಮೇಟೊ ಗೊಜ್ಜನ್ನು ನಾನೇ ಎಷ್ಟೋ ಸಲ ಚಪ್ಪರಿಸಿ ಉಂಡಿದ್ದೇನೆ. ಈ ಸಂಬಂಧ ಕುದುರಿಸಿದವರಲ್ಲಿ ನನ್ನ ನಾಲಿಗೆಗೂ ಒಂದು ಪಾಲಿದೆ.

ಅಷ್ಟೇ ಆಗಿದ್ದರೆ ಸರಿ. ಅವರು ಕಿಂಗ್ಸ್‌ಬರಿಯ ಮನೆ ಮಾರಿಯಾಗಿದೆಯಂತೆ. ಜುಲೈ ಕೊನೆಗೆ ಇಬ್ಬರೂ ಸ್ವಿಂಡನ್ನಿಗೆ, ಅವರ ಮಗಳು ಸ್ಮೃತಿ ಇರುವ ಊರಿಗೆ. ಸ್ವಿಂಡನ್. ರೈಲು ಅಲ್ಲಿ ನಿಲ್ಲುತ್ತದೆ ಎನ್ನುವುದು ಬಿಟ್ಟರೆ ಆ ಊರಿನ ಬಗ್ಗೆ ನನಗೆ ಬೇರೇನೂ ಗೊತ್ತಿಲ್ಲ.

ಕೊನೆಗೆ ನಾನು ಕೇಳಿದ್ದು ಒಂದೇ. “ಜೂನ್ ಟ್ರಿಪ್ಪಿಗೆ ಬತ್ಯಾ, ಇಲ್ಯಾ?”

“ಬತ್ತೆ.”

“ಹಾಂಗಾರೆ ಅಡ್ಡಿಲ್ಲೆ,” ಎಂದೆ. ಇನ್ನೂ ಸುಮಾರು ಮೂರು ತಿಂಗಳು ಕೈಯಲ್ಲಿದೆ. ಅಕ್ಕಿ ವ್ಯಾಪಾರಿಯನ್ನೇ ದರ ಇಳಿಸುವಂತೆ ಒಪ್ಪಿಸಿದವಳಿಗೆ ಇವಳನ್ನು ಒಪ್ಪಿಸಲು ಮೂರು ತಿಂಗಳು ಧಾರಾಳ.

ಮೇ 11, ಭಾನುವಾರ

ಟ್ರಿಪ್ಪಿನ ಹೆಸರುಗಳನ್ನು ನೋಡಿದೆ. ಉದಯಶಂಕರ್ ಫೆಬ್ರವರಿಯಲ್ಲೇ ಮುಂಗಡ ಕೊಟ್ಟಿದ್ದಾರೆ. ಆಗಲೇ ನನಗೆ ಹೊಳೆಯಬೇಕಿತ್ತು: ಮಂಗಳವಾರ ಟಿಫಿನ್ ತಿನ್ನುವವರಿಗೆ ಜ್ವಾಲಾಮುಖಿ ಯಾಕೆ?

ನಮ್ಮ ಟ್ರಿಪ್ಪುಗಳ ಮರ್ಮ ಅಡುಗೆಯಲ್ಲಿದೆ. ಲಂಡನ್ನಿನ ನಮ್ಮ ಹಿರಿಯರು ಬೆಟ್ಟವನ್ನು ಹತ್ತು ನಿಮಿಷ ನೋಡುತ್ತಾರೆ, ಊಟವನ್ನು ಒಂದು ಗಂಟೆ ಮಾಡುತ್ತಾರೆ. ಹೋದಲ್ಲೆಲ್ಲ ಸಾರು, ಅನ್ನ, ಹಪ್ಪಳ ಸಿಗುತ್ತದೆ ಎಂದರೆ ಉತ್ತರ ಧ್ರುವಕ್ಕೂ ಹೊರಡುತ್ತಾರೆ. ನಾನೂ ವೈದೇಹಿಯೂ ಕುಕ್ಕರ್, ಇಂಗು, ಸಾರಿನ ಪುಡಿ ಹೊತ್ತು ಮುಂದೆ ಹೋಗುವುದು, ಅವರು ಸ್ವೆಟರ್ ಹೊತ್ತು ಹಿಂದೆ ಬರುವುದು.

ಈ ಸಲದ ಜಾಗ ವೈದೇಹಿಯೇ ಹುಡುಕಿದ್ದು. ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಕೆರೆಯಾಗಿದೆಯಂತೆ. ಸುತ್ತ ಕಾಡು, ಎಲ್ಲ ಸರಕಾರ ಕಾಪಾಡುವ ಉದ್ಯಾನ. ಕೆರೆಯ ದಡದಲ್ಲಿ ನೆಲ ಇನ್ನೂ ಕುದಿಯುತ್ತದೆ. ಬೆಳಿಗ್ಗೆ ಪಾತ್ರೆ ಹೂತರೆ ಮಧ್ಯಾಹ್ನಕ್ಕೆ ಬೆಂದು ಸಿದ್ಧ. ಗ್ಯಾಸ್ ಇಲ್ಲದ ಅಡುಗೆ ಎಂದು ಕೇಳಿದ ಕೂಡಲೇ ನನಗೆ ಭಕ್ತಿ ಬಂದಿತ್ತು.

ಅವರ ಮುಂಗಡ ವಾಪಸು ಕೊಟ್ಟು ‘ಸೀಟಿಲ್ಲ’ ಎನ್ನಬಹುದು. ವಾಪಸು ಕೊಡುವ ಅಭ್ಯಾಸ ನನಗಿಲ್ಲ. ಬರಲಿ.

ಮೇ 25, ಭಾನುವಾರ

ಉದಯಶಂಕರ್ ಬಂದಿದ್ದರು. ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಬಾಳೆಹಣ್ಣು. ನನ್ನನ್ನು ಹೆಣ್ಣಿನ ಕಡೆಯ ಹಿರಿಯಳೆಂದು ತಿಳಿದು ಮಾತಾಡಲು ಬಂದದ್ದು. ವೈದೇಹಿ ಬೇಕೆಂದೇ ಅಂಗಡಿಗೆ ಹೋಗಿದ್ದಳು.

ಕಾಫಿಗೆ ಸಕ್ಕರೆ ಹಾಕದೆ ಕೊಟ್ಟೆ. ಕುಡಿದು, “ತುಂಬ ಚೆನ್ನಾಗಿದೆ ಮೇಡಂ,” ಎಂದರು. ಸುಳ್ಳು ಹೇಳುತ್ತಾರೆ ಎಂದು ಗುರುತು ಹಾಕಿಕೊಂಡೆ.

“ಶುಗರ್ ಇದೆಯಾ?”

“ಇದೆ ಮೇಡಂ. ಅದಕ್ಕೇ ಈ ಕಾಫಿ ಚೆನ್ನಾಗಿದೆ ಅಂದಿದ್ದು.”

ಗುರುತು ಅಳಿಸಿದೆ. ಬಿಪಿ, ಪೆನ್ಷನ್, ಗೊರಕೆ, ಎಲ್ಲ ವಿಚಾರಿಸಿದೆ. ಎಲ್ಲದಕ್ಕೂ ಜಿಪಿ ಡಾಕ್ಟರ ಮುಂದೆ ಕೂತವರ ಹಾಗೆ ತಾಳ್ಮೆಯಿಂದ ಉತ್ತರ ಕೊಟ್ಟರು. ಗೊರಕೆ ಮಾತ್ರ, “ಕೇಳಿಸ್ಕೊಂಡು ಹೇಳೋರು ಯಾರೂ ಇಲ್ವಲ್ಲ ಮೇಡಂ, ನಂಗೊತ್ತಿಲ್ಲ,” ಎಂದರು.

ಕೊನೆಯ ಅಸ್ತ್ರ ಬಿಟ್ಟೆ. “ವೈದೇಹಿ ಬಾಳೆಲೆ ಇಲ್ಲದೆ ಕಡುಬು ಮಾಡೋಳಲ್ಲ. ನಿಮ್ಮ ಸ್ವಿಂಡನ್‌ನಲ್ಲಿ ಬಾಳೆಲೆ ಸಿಗ್ತದಾ?”

“ವಿಚಾರಿಸಿದ್ದೀನಿ. ಗುರುವಾರ ಗುರುವಾರ ಬರತ್ತಂತೆ.”

ಈ ಮನುಷ್ಯ ತಯಾರಾಗಿಯೇ ಬಂದಿದ್ದಾರೆ. ಹೊರಡುವಾಗ ಲೋಟ ತೊಳೆದಿಟ್ಟು ಹೋದರು. ಅದು ಅತಿಯಾಯಿತು.

ಜೂನ್ 8, ಭಾನುವಾರ

ಹೌನ್ಸ್ಲೋದಲ್ಲಿ ಸೀಮಂತದ ಅಡುಗೆ, ಎಂಬತ್ತು ಎಲೆ.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ರುಬ್ಬುವುದು ವೈದೇಹಿ, ಉಪ್ಪು ನಾನು. ದೊಡ್ಡ ಅಡುಗೆಗೆ ಎರಡು ಕೈ ಉಪ್ಪು ಬಿದ್ದರೆ ಎಂಬತ್ತು ಜನರ ಊಟ ಕೆಟ್ಟ ಹಾಗೆ. ಅವಳು ಉಪ್ಪಿನ ಡಬ್ಬಿಯನ್ನು ಬಾಯಿ ತೆರೆದು ಪಾತ್ರೆಯ ಪಕ್ಕ ಇಡುತ್ತಾಳೆ, ಅಷ್ಟೇ. ನಾನು ಹಾಕಿ, “ಉಪ್ಪು ಬಿತ್ತ್!” ಎಂದು ಕೂಗಬೇಕು. ಅವಳು ಎಲ್ಲಿದ್ದರೂ “ಹ್ಞಾಂ!” ಎನ್ನಬೇಕು. ಆಮೇಲೆಯೇ ಮುಚ್ಚಳ. ಇಷ್ಟು ವರ್ಷದಲ್ಲಿ ಒಂದು ಹುಳಿಯೂ ಕೆಟ್ಟಿಲ್ಲ.

ಇವತ್ತೂ ಕೆಡಲಿಲ್ಲ. ಕೆಟ್ಟದ್ದು ವ್ಯಾನಿನಲ್ಲಿ. ವಾಪಸು ಬರುವಾಗ, “ಎಷ್ಟ್ ಉಳೀತ್?” ಎಂದು ಕೇಳಿದೆ. ಅವಳು ಎರಡು ಡಬ್ಬಿ ಪಲ್ಯ, ಒಂದಿಷ್ಟು ಪಾಯಸ ಎಂದಳು. ಪಾಯಸ ಉದಯಶಂಕರರಿಗೆ ಕೊಡಲೇ ಎಂದಳು, ಶುಗರ್ ಇದ್ದರೂ ಒಂದು ಚಮಚ ಆಗುತ್ತದೆ ಎಂದು ನಗಾಡಿದಳು. ಆ ನಗೆ ನನಗೆ ಸರಿಬರಲಿಲ್ಲ.

“ಕೊಡ್ ಕೊಡ್. ಅವ್ರಿಗ್ ಬೇಕಾದ್ದ್ ಅದೇ ಅಲ್ದಾ? ಈ ವಯಸ್ಸಲ್ಲಿ ಹೆಂಡ್ತಿ ಯಾರಿಗ್ ಬೇಕ್, ಸಂಬ್ಳ ಇಲ್ಲದ್ ಅಡುಗೆಯವ್ಳ್ ಬೇಕ್.”

ವೈದೇಹಿ ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡಳು. ಮನೆ ಮುಟ್ಟುವವರೆಗೆ ಕಿಟಕಿ ನೋಡಿದಳು. ಪಾಯಸ ನನ್ನ ಫ್ರಿಜ್ಜಿನಲ್ಲಿದೆ.

ಜೂನ್ 12

ಕೆಲಸಕ್ಕೆ ಬರುತ್ತಾಳೆ, ರುಬ್ಬುತ್ತಾಳೆ, ಹೋಗುತ್ತಾಳೆ. ಮಾತಿಲ್ಲ. ಉಪ್ಪಿನ ಡಬ್ಬಿ ಇಡುತ್ತಾಳೆ. ನಾನು ಹಾಕಿ ಸುಮ್ಮನಿರುತ್ತೇನೆ. ಅವಳು ನೋಡಿಕೊಂಡು ಮುಚ್ಚುತ್ತಾಳೆ. ಕೂಗದೆಯೂ ಕೆಲಸ ನಡೆಯುತ್ತದೆ. ಗಂಟಲಿಗೆ ಒಳ್ಳೆಯದು.

ಜೂನ್ 17

ಪಾಯಸ ಹಳಸಿತು. ಚೆಲ್ಲಿದೆ.

ಕ್ಷಮಿಸು ಎನ್ನುವುದು ಏನು ದೊಡ್ಡ ವಿಷಯವಲ್ಲ. ಆದರೆ ಕ್ಷಮಿಸು ಎಂದ ಮೇಲೂ ಅವಳು ಹೋಗುತ್ತಾಳೆ. ಹೋಗುವುದು ಖಾತ್ರಿಯಿರುವಾಗ ಅದರಿಂದ ಏನು ಬಂತು?

ಜೂನ್ 21, ಶನಿವಾರ, ದ್ವೀಪದಲ್ಲಿ

ನಿನ್ನೆ ಬಂದು ಮುಟ್ಟಿದೆವು. ಹದಿನಾರು ಜನ, ಇಪ್ಪತ್ತೆರಡು ಪೆಟ್ಟಿಗೆ. ಲಿಸ್ಬನ್ನಿನಲ್ಲಿ ಕಸ್ಟಮ್ಸಿನವನು ನಮ್ಮ ಇಂಗಿನ ಡಬ್ಬಿ ಮೂಸಿ ತಾನಾಗಿಯೇ ಹಿಂದೆ ಸರಿದ.

ರಸ್ತೆಯ ಎರಡೂ ಕಡೆ ನೀಲಿ ಹೂವಿನ ಬೇಲಿ, ಮೈಲಿಗಟ್ಟಲೆ. ಯಾರು ನೀರು ಹಾಕುತ್ತಾರೋ. ವ್ಯಾನಿನಲ್ಲಿ ಎಲ್ಲರಿಗೂ ನಾನೇ ವಿವರಣೆ ಕೊಡುತ್ತಿದ್ದೆ, ಹಾಸ್ಯ ಮಾಡುತ್ತಿದ್ದೆ. ಹುಬ್ಬಳ್ಳಿಯ ಚನ್ನಬಸವ್ವ, ಹ್ಯಾರೋದಲ್ಲಿ ಮೊಮ್ಮಕ್ಕಳ ಜೊತೆ ಇರುವ ಎಪ್ಪತ್ತನಾಲ್ಕರ ಮುದುಕಿ, “ಸುಗಂಧಾಬಾಯಿ ಇದ್ರ ರೇಡಿಯೋ ಬ್ಯಾಡ,” ಎಂದಳು. ಎಲ್ಲರೂ ನಕ್ಕರು. ಹಿಂದಿನ ಸೀಟಿನಲ್ಲಿ ವೈದೇಹಿ ಮತ್ತು ಅವರು ಒಂದೇ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ.

ನಾಳೆ ಕೆರೆಗೆ. ನಾವು ಉಳಿದುಕೊಂಡ ಮನೆಯಿಂದ ಮುಕ್ಕಾಲು ಗಂಟೆ ದಾರಿ. ಎಲ್ಲರೂ ಸೇರಿ ಬಿಸಿಬೇಳೆ ಹುಳಿಯನ್ನ ಬೇಕೆಂದು ತೀರ್ಮಾನಿಸಿದರು.

ಜೂನ್ 22, ಭಾನುವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಬೆಳಕು ಹರಿಯುವ ಮೊದಲೇ ಎದ್ದು ಮನೆಯಲ್ಲಿ ಬೇಳೆ, ಅಕ್ಕಿ ಅರ್ಧ ಬೇಯಿಸಿದೆವು. ಉಳಿದದ್ದನ್ನು ಭೂಮಿ ಬೇಯಿಸಲಿ ಎಂದು. ವೈದೇಹಿ ಪುಡಿ, ಹುಣಸೆರಸ, ತರಕಾರಿ ಬೆರೆಸುತ್ತಿದ್ದಳು. ನಾನು ಹೊರಗೆ ಹೋಗಿ ಜನರನ್ನು ವ್ಯಾನಿಗೆ ಹತ್ತಿಸಿ ಒಳಗೆ ಬಂದೆ. ನೋಡಿದರೆ ಉಪ್ಪಿನ ಡಬ್ಬಿ ಬಾಯಿ ತೆರೆದುಕೊಂಡಿದೆ, ಪಾತ್ರೆಗೆ ಮುಚ್ಚಳ ಬಿದ್ದಿದೆ. ವೈದೇಹಿ ಕೈ ತೊಳೆಯುತ್ತಿದ್ದಾಳೆ.

ಓಹೋ, ಎಂದುಕೊಂಡೆ. ಇನ್ನು ಉಪ್ಪೂ ನಿನ್ನದೇ. ಸ್ವಿಂಡನ್ನಿಗೆ ಇಲ್ಲಿಂದಲೇ ಅಭ್ಯಾಸ. ಬಾಯಿ ಬಿಟ್ಟು ಕೇಳಲಿಲ್ಲ. ಪಾತ್ರೆಯನ್ನು ಬಟ್ಟೆಯಲ್ಲಿ ಬಿಗಿದೆ. ಇಬ್ಬರೂ ಒಂದೊಂದು ಕಿವಿ ಹಿಡಿದು ಹೊತ್ತೆವು.

ಕೆರೆಯ ಹತ್ತಿರ ಬಂದಾಗ ಮೂಗು ಹಿಡಿಯುವ ವಾಸನೆ. ಉದಯಶಂಕರ್, “ಕೊಳೆತ ಮೊಟ್ಟೆ ಥರ ಇದೆ,” ಎಂದರು.

“ತತ್ತಿ ವಾಸನಿ ನಿಮಗ ಹ್ಯಾಂಗ ಗೊತ್ತಾತ್ರಿ?” ಎಂದಳು ಚನ್ನಬಸವ್ವ. “ನೀವು ಶುದ್ಧ ಶಾಕಾಹಾರಿ ಅಲ್ಲೇನ್ರಿ?” ಇಡೀ ವ್ಯಾನು ಅವರನ್ನು ನೋಡಿತು. ಅವರು ಕೆಮ್ಮಿದರು.

ದಡದಲ್ಲಿ ಬೂದುಬಣ್ಣದ ನೆಲ, ಅಲ್ಲಲ್ಲಿ ಕುದಿಯುವ ಕೆಸರು, ಸುತ್ತ ಬೇಲಿ. ಒಂದು ಕಡೆ ಸಾಲಾಗಿ ಗುಂಡಿಗಳು. ಅಲ್ಲಿಯ ಕೆಲಸಗಾರರು ನಮ್ಮ ಪಾತ್ರೆಯನ್ನು ಇಳಿಸಿ, ಹಲಗೆ ಮುಚ್ಚಿ, ಮಣ್ಣು ಗುಡ್ಡೆ ಹಾಕಿ, ಗೂಟಕ್ಕೆ ‘ಲಂಡನ್’ ಎಂದು ಬರೆದು ಸಿಕ್ಕಿಸಿದರು. ಹೂತು ನಮಸ್ಕಾರ ಮಾಡಿ ಹೋಗುವುದಷ್ಟೇ ಬಾಕಿ ಎನ್ನುವ ಹಾಗೆ ಎಲ್ಲರೂ ಕೈಕಟ್ಟಿ ಸುತ್ತ ನಿಂತರು.

ಕೆರೆ ಹಸಿರು. ಅಂಥ ಹಸಿರು ನಾನು ಕಂಡಿಲ್ಲ. ಬಟ್ಟಲಿನ ಅಂಚಿನಂತೆ ಸುತ್ತ ಗುಡ್ಡ, ಆ ದಡದಲ್ಲಿ ಚೂಪು ಗೋಪುರದ ಒಂದು ಹಳೇ ಚರ್ಚು. ಒಂದು ಕಾಲದಲ್ಲಿ ಇದೆಲ್ಲ ಬೆಂಕಿಯಾಗಿತ್ತಂತೆ. ಈಗ ಬಾತುಕೋಳಿ ಈಜುತ್ತವೆ. ಒಬ್ಬಳೇ ಒಂದು ಬೆಂಚಿನಲ್ಲಿ ಕೂತು ತುಂಬ ಹೊತ್ತು ನೋಡಿದೆ. ಜನರೆಲ್ಲ ಜೋಡಿಯಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಫೋನು ನನ್ನ ಕೈಗೆ ಕೊಡುತ್ತಿದ್ದರು. ಚೆನ್ನಾಗಿ ತೆಗೆಯುತ್ತೇನೆ ಎನ್ನುತ್ತಾರೆ.

ಮಧ್ಯಾಹ್ನ ಇಬ್ಬರು ಗಂಡಸರು ಕಬ್ಬಿಣದ ಕೊಕ್ಕೆ ಹಾಕಿ ಪಾತ್ರೆ ಎತ್ತಿದರು. ಆವಿ, ಪರಿಮಳ, ಚಪ್ಪಾಳೆ. ಮುಚ್ಚಳ ತೆಗೆದು ಪಕ್ಕಕ್ಕೆ ಒರಗಿಸಿದೆ. ಅದು ಉರುಳಿತು. ಬೇಲಿಯ ಕೆಳಗೆ ನುಸುಳಿ ಸೀದಾ ಕುದಿಯುವ ಕೆಸರಿಗೆ ಹೋಗಿ ಬಿತ್ತು. ಉದ್ಯಾನದ ಕಾವಲಿನವನು ನನ್ನ ಮುಂದೆ ಬೆರಳು ಅಲ್ಲಾಡಿಸಿದ, ಹತ್ತಿರ ಹೋಗಬೇಡ ಎಂದು.

“ಹೋಗ್ಲಿ ಬಿಡ್ರಿ,” ಎಂದಳು ಚನ್ನಬಸವ್ವ. “ಭೂಮ್ತಾಯಿ ಬಾಯಿಗೆ ಮುಚ್ಚಳ ಆತು.”

ಬಡಿಸಿದೆವು. ಎಲ್ಲರೂ ಮರದ ಮೇಜುಗಳಲ್ಲಿ ಕೂತು ಮೊದಲ ತುತ್ತು ಇಟ್ಟರು. ನಾನು ಮುಖಗಳನ್ನೇ ನೋಡುತ್ತಿದ್ದೆ. ಅದು ನನ್ನ ಸಂಬಳ. ಎರಡನೇ ತುತ್ತನ್ನು ಯಾರೂ ಎತ್ತಲಿಲ್ಲ. ಚನ್ನಬಸವ್ವ ಮಾತ್ರ ನಾಲಿಗೆ ಹೊರಳಿಸಿ, “ಯವ್ವಾ, ಎಲ್ಲಾ ಐತಿ. ಉಪ್ಪ ಎಲ್ಲೈತಿ?” ಎಂದಳು.

ನಾನು ಬೆರಳದ್ದಿ ನೋಡಿದೆ. ಇರಲಿಲ್ಲ. ಒಂದು ಹರಳೂ ಇರಲಿಲ್ಲ.

ವೈದೇಹಿಯನ್ನು ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

“ನೀ ಹಾಕ್ಲಿಲ್ಯಾ?” ಎಂದಳು.

“ನೀ ಹಾಕಿದೆ ಅಂದ್ಕಂಡೆ. ಡಬ್ಬಿ ತೆಗ್ದಿತ್ತಲೆ?”

“ನಿಂಗೆ ಅಂದೇಳಿ ಇಟ್ಟದ್ದ್ ಮಾರಾಯ್ತಿ! ನೊಣ ಬೀಳ್ತ್ ಅಂದ್ ಮುಚ್ಚಿದ್ದೆ, ನೀ ಬಂದ್ ತೆಗ್ದ್ ಹಾಕ್ತೆ ಅಂದ್ಕಂಡೆ. ನಾನ್ ಯಾವತ್ತ್ ಉಪ್ಪ್ ಮುಟ್ಟಿದ್ದೆ?”

ಎರಡು ವಾರದ ನಂತರ ನಾವು ಆಡಿದ ಮೊದಲ ಮಾತುಗಳು ಇವು. ಹದಿನಾಲ್ಕು ಜನ ಕೇಳುತ್ತಿದ್ದರು. ಉಪ್ಪಿನ ಡಬ್ಬಿ ಮುಕ್ಕಾಲು ಗಂಟೆ ಆಚೆ, ಬಾಡಿಗೆ ಮನೆಯ ಅಡುಗೆಕಟ್ಟೆಯ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು.

ಅಷ್ಟರಲ್ಲಿ ಉದಯಶಂಕರ್ ಎದ್ದರು. ಪಕ್ಕದ ಮೇಜಿನಲ್ಲಿ ಅಲ್ಲಿಯದೇ ಒಂದು ಕುಟುಂಬ ತಮ್ಮ ಪಾತ್ರೆ ಬಿಚ್ಚುತ್ತಿತ್ತು. ಅವರ ಮುಂದೆ ನಿಂತು ಬೆರಳಿನಲ್ಲಿ ಉದುರಿಸುವ ಹಾಗೆ ತೋರಿಸಿದರು. ಆ ಮನೆಯ ಅಜ್ಜ ಮೆಣಸಿನಪುಡಿ ಕೊಟ್ಟ. ಅಲ್ಲ ಎಂದರು. ಸಕ್ಕರೆ ಕೊಟ್ಟರು. ಅಲ್ಲ. ಒಂದು ಲೋಟ ವೈನ್ ಕೊಟ್ಟರು. ಉದಯಶಂಕರ್ ತಲೆ ಕೆರೆದುಕೊಂಡು, ಕೊನೆಗೆ ಹಣೆಯ ಬೆವರನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡು ತೋರಿಸಿದರು. ಅಜ್ಜಿ ಜೋರಾಗಿ ನಕ್ಕು ಕಾಗದದಲ್ಲಿ ಕಲ್ಲುಪ್ಪು ಕಟ್ಟಿ ಕೊಟ್ಟಳು.

ಹಿಂತಿರುಗಿ ಬಂದರು. ವೈದೇಹಿ ಕೈ ಚಾಚಿದಳು. ಅವರು ಅವಳನ್ನು ದಾಟಿ ನನ್ನ ಹತ್ತಿರ ಬಂದು ನಿಂತರು.

“ತಗೊಳ್ಳಿ ಮೇಡಂ. ಉಪ್ಪು ಸುಗಂಧಕ್ಕನ ಕೈದೇ ಆಗಬೇಕು ಅಂತ ಇವರು ಹೇಳ್ತಾನೇ ಇರ್ತಾರೆ. ನಮ್ಮ ಮನೇಲಿ ಸಾರಿಗೆ ನಾನೇ ಹಾಕ್ಕೊಂಡ್ರೂ ಬೈತಾರೆ, ‘ಒಂದೇ ಕೈ ಇರ್ಬೇಕು’ ಅಂತ.”

ಪೊಟ್ಟಣ ತೆಗೆದುಕೊಂಡೆ. ಮೇಲೆ ಉದುರಿಸಿದರೆ ಬಾಯಿಗೊಂದು ಕಲ್ಲು ಸಿಗುತ್ತದೆ. ಫ್ಲಾಸ್ಕಿನ ಬಿಸಿನೀರಿನಲ್ಲಿ ಕರಗಿಸಿ, ಎಲ್ಲರ ತಟ್ಟೆಯಿಂದಲೂ ವಾಪಸು ಪಾತ್ರೆಗೆ ಹಾಕಿಸಿ, ಅಡಿಯಿಂದ ತಿರುವಿದೆ. ಎಂಜಲು ಗಿಂಜಲು ಎಂದು ಯಾರೂ ಉಸಿರೆತ್ತಲಿಲ್ಲ, ಹಸಿವು ಅಷ್ಟಿತ್ತು. ಆವಿ ಕಣ್ಣಿಗೆ ಹೊಡೆಯುತ್ತಿತ್ತು. ಗಂಧಕದ ಆವಿ ಕೆಟ್ಟದ್ದು, ನೀರು ಬರಿಸುತ್ತದೆ.

“ಉಪ್ಪು ಬಿತ್ತ್!” ಎಂದೆ. ಬೇಕಾದ್ದಕ್ಕಿಂತ ಜೋರಾಯಿತು. ಬಾತುಕೋಳಿಗಳು ಹಾರಿದವು.

“ಹ್ಞಾಂ,” ಎಂದಳು ವೈದೇಹಿ.

ಊಟವಾದ ಮೇಲೆ ಅವಳೂ ನಾನೂ ಕೆರೆಯ ಸುತ್ತ ನಡೆದೆವು. ಅರ್ಧ ದಾರಿಯಲ್ಲಿ ಮಾತು ಅವಳೇ ಶುರು ಮಾಡಿದಳು.

“ಅವ್ರಿಗ್ ಅಡುಗೆಯವ್ಳೇ ಬೇಕಾದ್ರೆ ನಮ್ ಟಿಫಿನ್ ಇತ್ತಲೆ, ಸುಗಂಧಕ್ಕ? ಅದ್ ಮದ್ವೆಗಿಂತ ಅಗ್ಗ.”

ಲೆಕ್ಕ ಸರಿಯಿತ್ತು. “ಹಾಂಗಾರೆ ಎಂತಕೆ?” ಎಂದೆ.

“ಡಬ್ಬಿ ಕೊಡುಕ್ ಹೋದ್ರೆ ಬಾಗ್ಲಲ್ಲೇ ಕೇಂತಿದ್ರ್, ‘ನಿಮ್ಮ ಊಟ ಆಯ್ತಾ’ ಅಂದ್. ಇಷ್ಟ್ ವರ್ಷ ಊರಿಗೆಲ್ಲ ಉಂಬುಕೆ ಮಾಡಿದ್ದೆ. ಹಾಂಗ್ ಕೇಂಡವ್ರ್ ಅವ್ರೊಬ್ರೇ.”

“ನಾ ಕೇಂತಿಲ್ಯಾ?”

“ನೀ ಕೇಂಬುದ್ ‘ಎಷ್ಟ್ ಉಳೀತ್’ ಅಂದ್.”

ಉಳಿದದ್ದು ಎಷ್ಟು ಎಂದು ಕೇಳದಿದ್ದರೆ ಈ ವ್ಯಾಪಾರ ಇಷ್ಟು ವರ್ಷ ನಡೆಯುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಚರ್ಚು ಬಂತು, ಬಾಗಿಲು ಮುಚ್ಚಿತ್ತು, ತಿರುಗಿ ಬಂದೆವು.

ಜುಲೈ 5, ಶನಿವಾರ

ಪಾತ್ರೆ ಹಂಚಿಕೊಂಡೆವು. ವೈದೇಹಿಯ ಮಗಳು ಪ್ರೇಕ್ಷಾ ಸಹಾಯಕ್ಕೆ ಬಂದಿದ್ದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಹಳೇ ಗ್ರೈಂಡರ್ ವೈದೇಹಿಗೆ ಎಂದೆ. ಅದಿಲ್ಲದೆ ನಾನು ಹೇಗೆ ರುಬ್ಬುವುದು ಎಂದು ವೈದೇಹಿ ಕೇಳಿದಳು. ಅವಳಿಲ್ಲದೆ ಗ್ರೈಂಡರ್ ಇಟ್ಟುಕೊಂಡು ಏನು ಮಾಡಲಿ ಎನ್ನಬೇಕಿತ್ತು. “ಹಳೇದಾಯ್ತ್, ಸದ್ದ್ ಮಾಡತ್ತ್, ತಕಂಡ್ ಹೋಗ್,” ಎಂದೆ.

ಪ್ರೇಕ್ಷಾ ಖಾಲಿ ಹೊಟ್ಟೆಯಲ್ಲಿ ಬಂದಿದ್ದಳು. ಕೇಳಿದ ಮೇಲೆ ಗೊತ್ತಾಯಿತು. ದೋಸೆ ಹೊಯ್ದು ಕೊಟ್ಟೆ. “ಆಂಟಿ, ಯು ನೆವರ್ ಆಸ್ಕ್ಡ್ ಬಿಫೋರ್,” ಎಂದಳು. ಈಗಿನ ಮಕ್ಕಳಿಗೆ ಏನೂ ನೆನಪಿರುವುದಿಲ್ಲ.

ಜುಲೈ 19, ಶನಿವಾರ

ಹ್ಯಾರೋದಲ್ಲಿ ರಿಜಿಸ್ಟರ್ ಮದುವೆ. ವೈದೇಹಿ ಹಸಿರು ಸೀರೆ. ಕೆರೆಯ ಬಣ್ಣ ಎಂದು ನಾನು ಮಾತ್ರ ಗುರುತಿಸಿದೆ.

ಸಾಕ್ಷಿ ಸಹಿ ಹಾಕುವವರಲ್ಲಿ ನಾನೊಬ್ಬಳು. ಅಧಿಕಾರಿಣಿ, “ನೀವು ಇವರಿಗೆ ಏನಾಗಬೇಕು?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ವೈದೇಹಿ, “ಸಿಸ್ಟರ್,” ಎಂದಳು.

ಊಟ ನಾನೇ ಮಾಡಿದ್ದು, ನಲವತ್ತು ಎಲೆ. ಬಿಲ್ ಹಾಕಲಿಲ್ಲ. ಹಾಕಬೇಕೆಂದು ನೆನಪಾದದ್ದೇ ಈಗ, ಬರೆಯುವಾಗ.

ಜುಲೈ 26

ಹೋದರು. ವ್ಯಾನು ಹೊರಡುವ ಮೊದಲು ಉದಯಶಂಕರ್ ತಮ್ಮ ಕೊನೆಯ ಟಿಫಿನ್ ಡಬ್ಬಿ ವಾಪಸು ಕೊಟ್ಟರು. ತೊಳೆದಿತ್ತು. ಒಳಗೆ ಟೊಮೇಟೊ.

ಜುಲೈ 29, ಮಂಗಳವಾರ

ಸೌತೆಕಾಯಿ ಹುಳಿ ಮಾಡಿದೆ. ಮಾಡಿದ ಮೇಲೆ ನೋಡಿದರೆ ಹತ್ತು ಜನಕ್ಕಾಗುವಷ್ಟಿದೆ. ಕೈಯ ಅಳತೆ ಇನ್ನೂ ಇಳಿದಿಲ್ಲ. ಉಪ್ಪು ಹಾಕಿ ಕೂಗಿದೆ. ಅಭ್ಯಾಸ. ಫ್ರಿಜ್ಜು ಗುಂಯ್ ಎಂದಿತು.

ಮನೆಯ ಕೆಳಗೆ ಡ್ರೈಕ್ಲೀನಿಂಗ್ ಅಂಗಡಿ ಇಟ್ಟಿರುವವನ ಜೊತೆ ಇಷ್ಟು ವರ್ಷದಲ್ಲಿ ಮೆಟ್ಟಿಲ ಮುಂದೆ ಪೆಟ್ಟಿಗೆ ಇಡಬೇಡ ಎನ್ನುವುದು ಬಿಟ್ಟು ಬೇರೆ ಮಾತಾಡಿಲ್ಲ. ಇವತ್ತು ಇಳಿದು ಹೋಗಿ ಊಟವಾಯಿತೇ ಎಂದು ಕೇಳಿದೆ. ಜಗಳಕ್ಕೆ ಬಂದೆನೆಂದು ತಿಳಿದು ಮೊದಲು ಪೆಟ್ಟಿಗೆ ಸರಿಸಿದ. ಒಂದು ಡಬ್ಬಿ ಹುಳಿ, ಅನ್ನ ಕೊಟ್ಟೆ. ವ್ಯಾಪಾರಕ್ಕೆ ಹೊಸ ಗಿರಾಕಿ ಹುಡುಕಬೇಕಲ್ಲ, ರುಚಿ ತೋರಿಸಿದ್ದು.

ಆಗಸ್ಟ್ 3, ಭಾನುವಾರ

ಡ್ರೈಕ್ಲೀನಿಂಗ್‌ನವನು ಡಬ್ಬಿ ವಾಪಸು ಕೊಟ್ಟ. ಖಾಲಿ. ಕಲಿಸಬೇಕು.

ಸಂಜೆ ಸ್ವಿಂಡನ್ನಿನಿಂದ ವೈದೇಹಿಯ ಫೋನು. ಗ್ರೈಂಡರ್ ಸದ್ದಿಗೆ ಪಕ್ಕದ ಮನೆಯವಳು ಬಾಗಿಲು ಬಡಿದಳಂತೆ, ಇವಳು ದೋಸೆ ಕೊಟ್ಟು ಕಳಿಸಿದ್ದಾಳಂತೆ. ಬಾಳೆಲೆ ಗುರುವಾರ ಬರುತ್ತದೆ ಎಂದದ್ದು ನಿಜವಂತೆ. ಗೊರಕೆ ಇದೆಯಂತೆ, ಜೋರಾಗಿಯೇ.

ಮಾತಿನ ನಡುವೆ, “ಉಂಡ್ಯಾ?” ಎಂದೆ.

ಸ್ವಿಂಡನ್ ಕಡೆ ಸಿಗ್ನಲ್ ಸರಿಯಿಲ್ಲ ಎಂದು ಕಾಣುತ್ತದೆ. ಇನ್ನೊಮ್ಮೆ ಕೇಳಬೇಕಾಯಿತು.

“ಉಂಡೆ, ಸುಗಂಧಕ್ಕ,” ಎಂದಳು ಆಮೇಲೆ. “ನೀನ್?”

ಹುಳಿ ಒಲೆಯ ಮೇಲಿತ್ತು. ಫೋನು ಹಿಡಿದುಕೊಂಡೇ ಹೋಗಿ ಡಬ್ಬಿಗೆ ಕೈ ಹಾಕಿದೆ. “ಉಪ್ಪು ಬಿತ್ತ್,” ಎಂದೆ.

“ಹ್ಞಾಂ,” ಎಂದಳು.

ಇನ್ನು ಯಾರಿಗೆ ಏನು ದಕ್ಕಿತು ಎನ್ನುವುದು.

ಉದಯಶಂಕರ್: ಹೆಂಡತಿ. ವಾರದ ಏಳು ದಿನವೂ ಊಟ.

ವೈದೇಹಿ: ಗಂಡ, ಗ್ರೈಂಡರ್. ಉಂಡೆಯಾ ಎಂದು ಕೇಳುವವರು ಇನ್ನೊಬ್ಬರು.

ಚನ್ನಬಸವ್ವ: ಸಿಕ್ಕವರಿಗೆಲ್ಲ ಹೇಳಲು ಒಂದು ಕಥೆ.

ಜ್ವಾಲಾಮುಖಿ: ಮುಚ್ಚಳ.

ನಾನು: ಉಪ್ಪಿನ ಡಬ್ಬಿ, ಮುಚ್ಚಳವಿಲ್ಲದ ಒಂದು ದೊಡ್ಡ ಪಾತ್ರೆ, ಆರು ಟೊಮೇಟೊ. ಅದರಲ್ಲಿ ಎರಡು ಗೊಜ್ಜಾಗಿದೆ.